ಎಂಪ್ಲಾಯ್‌ಮೆಂಟ್ ಬಾಂಡ್ ಬಗ್ಗೆ ರಿಸರ್ಚ್ ಮೆಮೊ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು?

ಹೊಸ_ಜೂನಿಯರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಕಂಪನಿಗಳ ಕೇಸು ನೋಡುವ ಆಫೀಸಿನಲ್ಲಿ ಜೂನಿಯರ್ ಆಗಿದ್ದೇನೆ. ಸೀನಿಯರ್ ಒಂದು ರಿಸರ್ಚ್ ಮೆಮೊ (ಕಾನೂನು ಏನು ಹೇಳುತ್ತದೆ ಎಂದು ಆಫೀಸಿನೊಳಗೆ ಬರೆಯುವ ಟಿಪ್ಪಣಿ) ಕೇಳಿದ್ದಾರೆ. ಅಂಕಿ ಸ್ವಲ್ಪ ಬದಲಿಸಿ ಸಂಗತಿ ಹೇಳುತ್ತೇನೆ.

ನಮ್ಮ ಕಕ್ಷಿದಾರ ಒಂದು ಸಾಫ್ಟ್‌ವೇರ್ ಕಂಪನಿ. ನೌಕರ 24 ತಿಂಗಳು ಕೆಲಸ ಮಾಡುತ್ತೇನೆ, ಮಧ್ಯೆ ಬಿಟ್ಟರೆ 3 ಲಕ್ಷ ರೂಪಾಯಿ ಕೊಡುತ್ತೇನೆ ಎಂದು ಬಾಂಡ್ ಬರೆದುಕೊಟ್ಟಿದ್ದಾನೆ. 8 ತಿಂಗಳಿಗೇ ರಾಜೀನಾಮೆ ಕೊಟ್ಟು ಹೋಗಿದ್ದಾನೆ. ಕೆಲಸ ಬಿಟ್ಟ ಮೇಲೆ ಒಂದು ವರ್ಷ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು ಎಂದು ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಇದೆ. ಈಗ ಸೇರಿರುವುದು ಅಂಥದೇ ಕಂಪನಿಗೆ. ಹಣ ವಸೂಲಿ ಆಗುತ್ತದೆಯೇ, ಹೊಸ ಕೆಲಸಕ್ಕೆ ತಡೆ ತರಬಹುದೇ ಎಂಬುದು ಕಂಪನಿಯ ಪ್ರಶ್ನೆ.

ಇಂಡಿಯನ್ ಕಾನೂನ್ ಜಾಲತಾಣದಲ್ಲಿ ಹುಡುಕಿದರೆ ತೀರ್ಪುಗಳ ರಾಶಿಯೇ ಬೀಳುತ್ತದೆ. ಯಾವುದನ್ನು ಓದಬೇಕು? ಇವತ್ತಿಗೂ ಊರ್ಜಿತದಲ್ಲಿದೆಯೇ ಎಂದು ತಿಳಿಯುವುದು ಹೇಗೆ? ಕಾಲೇಜಿನಲ್ಲಿ ಪ್ರಬಂಧದ ಹಾಗೆ ಬರೆದು ಅಭ್ಯಾಸ, ಮೆಮೊ ಬರೆಯುವ ಕ್ರಮವನ್ನೂ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರ.

ಕರಾರು_ಕಡತ ಉತ್ತರಿಸಿದ್ದು:

ಸರ್ಚ್ ಬಾಕ್ಸ್‌ಗೆ ಕೈ ಹಾಕುವ ಮೊದಲು ಕಡತ ಪೂರ್ತಿ ಓದಿ. ನೀವು ಕೊಟ್ಟ ಸಂಗತಿ ಕಕ್ಷಿದಾರರ ಬಾಯಿಂದ ಬಂದದ್ದು. ಕಾಗದ ಬೇರೆಯೇ ಹೇಳಬಹುದು. ಅಪಾಯಿಂಟ್‌ಮೆಂಟ್ ಲೆಟರ್, ಬಾಂಡ್, ತರಬೇತಿಯ ದಾಖಲೆ ಮತ್ತು ಬಿಲ್ಲು, ರಾಜೀನಾಮೆ, ರಿಲೀವಿಂಗ್ ಲೆಟರ್, ಕೊನೆಯ ಲೆಕ್ಕ ಚುಕ್ತಾ ಮಾಡಿದ ಇಮೇಲ್, ಇಷ್ಟನ್ನೂ ತರಿಸಿಕೊಳ್ಳಿ. ಓದುವಾಗ ನಾಲ್ಕು ವಿಷಯ ಹುಡುಕಿ. ನೇಮಕಾತಿ ಗೊತ್ತಾದ ಅವಧಿಗೋ, ಅಥವಾ ನೋಟಿಸ್ ಕೊಟ್ಟು ಯಾರು ಬೇಕಾದರೂ ಮುಗಿಸಬಹುದಾದದ್ದೋ? 3 ಲಕ್ಷ ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ ಮೊತ್ತವೋ, ತಿಂಗಳು ಕಳೆದಂತೆ ಇಳಿಯುತ್ತದೋ? ತರಬೇತಿಗೆ ಹೊರಗಿನವರಿಗೆ ಹಣ ಕೊಟ್ಟ ರಸೀದಿ ಇದೆಯೋ, ಒಳಗಿನ ಟೀಮ್ ಲೀಡರ್ ಕಲಿಸಿದ್ದನ್ನೇ ತರಬೇತಿ ಎನ್ನುತ್ತಿದ್ದಾರೋ? ರಾಜೀನಾಮೆ ಒಪ್ಪಿಕೊಂಡಾಗ ಬಾಂಡ್ ಹಣದ ಹಕ್ಕು ಕಾಯ್ದಿರಿಸಿದ್ದಾರೋ, ಇಲ್ಲ "ಯಾವ ಬಾಕಿಯೂ ಇಲ್ಲ" ಎಂದು ಬರೆದು ಕಳಿಸಿಬಿಟ್ಟಿದ್ದಾರೋ? ಈ ಕೊನೆಯದೊಂದು ಸಾಲು ಮಿಕ್ಕ ರಿಸರ್ಚನ್ನೆಲ್ಲ ಮುಳುಗಿಸಬಲ್ಲದು.

ಆಮೇಲೆ ಪ್ರಶ್ನೆಯನ್ನು ಎರಡಾಗಿ ಒಡೆಯಿರಿ. ಹಣದ ಪ್ರಶ್ನೆ ಕಾಂಟ್ರ್ಯಾಕ್ಟ್ ಆಕ್ಟ್ 1872ರ ಕಲಂ 74ಕ್ಕೆ (ಕರಾರು ಮುರಿದಾಗ ಸಿಗುವ ಪರಿಹಾರ) ಸೇರಿದ್ದು. ತಡೆಯ ಪ್ರಶ್ನೆ ಕಲಂ 27ಕ್ಕೆ (ವೃತ್ತಿ, ವ್ಯಾಪಾರ ಮಾಡದಂತೆ ತಡೆಯುವ ಕರಾರು ಶೂನ್ಯ). ಇವೆರಡನ್ನೂ ಕಲಸಿಬಿಟ್ಟರೆ ಒಂದರ ತೀರ್ಪು ಇನ್ನೊಂದಕ್ಕೆ ಅಂಟಿಕೊಂಡು ಮೆಮೊ ಕೆಡುತ್ತದೆ.

ಮೂರನೆಯ ಹೆಜ್ಜೆ ಕಲಂನ ಮೂಲಪಾಠ. ಇಂಡಿಯಾ ಕೋಡ್ ಜಾಲತಾಣದಿಂದ ತೆಗೆದುಕೊಳ್ಳಿ, ಬ್ಲಾಗ್‌ನಿಂದ ಬೇಡ. ಕಲಂ 74ರಲ್ಲಿ ಮೂರು ತುಣುಕುಗಳಿಗೆ ಗೆರೆ ಹಾಕಿ: ನಷ್ಟ ರುಜುವಾತಾಗಲಿ ಬಿಡಲಿ, ನ್ಯಾಯೋಚಿತ ಪರಿಹಾರ, ಕರಾರಿನಲ್ಲಿ ಹೇಳಿದ ಮೊತ್ತವನ್ನು ಮೀರದಂತೆ. ಅಂದರೆ 3 ಲಕ್ಷ ಎಂಬುದು ಮೇಲ್ಮಿತಿ, ಅಷ್ಟೂ ಸಿಗುತ್ತದೆ ಎಂದೇನಲ್ಲ. ಕಲಂನ ಕೆಳಗಿರುವ ಅಪವಾದವನ್ನೂ ಓದಿ. ಜಾಮೀನು ಬಾಂಡ್, ಕಾನೂನಿನ ಅಥವಾ ಸರ್ಕಾರದ ಆದೇಶದ ಅಡಿ ಸಾರ್ವಜನಿಕ ಕರ್ತವ್ಯಕ್ಕಾಗಿ ಬರೆದ ಬಾಂಡ್ ಇವುಗಳಲ್ಲಿ ಪೂರ್ತಿ ಮೊತ್ತ ಕೊಡಬೇಕಾಗುತ್ತದೆ. "ಬಾಂಡ್" ಎಂಬ ಹೆಸರು ಕಂಡೊಡನೆ ಖಾಸಗಿ ಕಂಪನಿಯ ಕಾಗದವನ್ನು ಇದರೊಳಗೆ ತುರುಕುವ ವಾದ ಆಗಾಗ ಕಾಣುತ್ತದೆ, ನಿಲ್ಲುವುದಿಲ್ಲ.

ತಡೆಯಾಜ್ಞೆಗೆ ಸ್ಪೆಸಿಫಿಕ್ ರಿಲೀಫ್ ಆಕ್ಟ್ 1963 ಬೇಕು. ಕಲಂ 14 (2018ರ ತಿದ್ದುಪಡಿಯ ನಂತರದ ರೂಪ), 41(ಇ) ಮತ್ತು 42 ಈ ಮೂರನ್ನೂ ಒಟ್ಟಿಗೆ ಓದಿ. ಹಣದ ದಾವೆಗೆ ಲಿಮಿಟೇಶನ್ ಆಕ್ಟ್‌ನ ಅನುಚ್ಛೇದ 55, ಕರಾರು ಮುರಿದಾಗಿನಿಂದ 3 ವರ್ಷ. ಮೆಮೊದಲ್ಲಿ ಈ ಗಡುವಿನ ತಾರೀಖನ್ನೇ ಲೆಕ್ಕಹಾಕಿ ಬರೆಯಿರಿ.

ಇಷ್ಟಾದ ಮೇಲೆ ತೀರ್ಪು. ನೇರವಾಗಿ ಹುಡುಕಬೇಡಿ, ಕಾಂಟ್ರ್ಯಾಕ್ಟ್ ಆಕ್ಟ್ ಮೇಲಿನ ಯಾವುದಾದರೂ ದೊಡ್ಡ ವ್ಯಾಖ್ಯಾನ ಗ್ರಂಥದಲ್ಲಿ ಕಲಂ 74ರ ಭಾಗ ತೆರೆದು ಮುಖ್ಯ ತೀರ್ಪುಗಳ ಹೆಸರು ಬರೆದುಕೊಳ್ಳಿ. ಹಣದ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಸಾಲು ಹೀಗೆ ಹೋಗುತ್ತದೆ (ಎಐಆರ್, ಎಸ್‌ಸಿಸಿ ಎಂದರೆ ತೀರ್ಪು ಪ್ರಕಟಿಸುವ ವರದಿ ಸಂಪುಟಗಳು): ಫತೇ ಚಂದ್ (ಎಐಆರ್ 1963 ಎಸ್‌ಸಿ 1405), ಮೌಲಾ ಬಕ್ಷ್ ((1969) 2 ಎಸ್‌ಸಿಸಿ 554), ಓಎನ್‌ಜಿಸಿ ವಿರುದ್ಧ ಸಾ ಪೈಪ್ಸ್ ((2003) 5 ಎಸ್‌ಸಿಸಿ 705), ಕೈಲಾಶ್ ನಾಥ್ ಅಸೋಸಿಯೇಟ್ಸ್ ((2015) 4 ಎಸ್‌ಸಿಸಿ 136). ಕೈಲಾಶ್ ನಾಥ್‌ನ 43ನೇ ಪ್ಯಾರಾದಲ್ಲಿ ಇಡೀ ಕಾನೂನನ್ನು ಕ್ರೋಡೀಕರಿಸಿದ್ದಾರೆ. ನಷ್ಟ ಆಗಿರಲೇಬೇಕು. ನಷ್ಟವನ್ನು ರುಜುವಾತು ಮಾಡಲು ಸಾಧ್ಯವಿದ್ದಲ್ಲಿ ಮಾಡಲೇಬೇಕು. ರುಜುವಾತು ಕಷ್ಟ ಅಥವಾ ಅಸಾಧ್ಯವಾದಲ್ಲಿ ಮಾತ್ರ, ಮೊತ್ತವು ಪ್ರಾಮಾಣಿಕ ಮುನ್ನಂದಾಜಾಗಿದ್ದರೆ, ಅದನ್ನೇ ಕೊಡಿಸಬಹುದು. ನಿಮ್ಮ ಕಂಪನಿಗೆ ಇದರ ಅರ್ಥ ನೇರವಾಗಿದೆ. ತರಬೇತಿ ಖರ್ಚು ಎಣಿಸಬಹುದಾದ ನಷ್ಟ, ಹಾಗಾಗಿ ಬಿಲ್ಲು ತೋರಿಸಬೇಕು.

ಹುಡುಕುವಾಗ ಒಂದೇ ಪದಕ್ಕೆ ಜೋತು ಬೀಳಬೇಡಿ. ಎಂಪ್ಲಾಯ್‌ಮೆಂಟ್ ಬಾಂಡ್, ಸರ್ವಿಸ್ ಬಾಂಡ್, ಟ್ರೈನಿಂಗ್ ಬಾಂಡ್, ಇಂಡೆಮ್ನಿಟಿ ಬಾಂಡ್, ರಿಸ್ಟ್ರಿಕ್ಟಿವ್ ಕವನೆಂಟ್ ಎಂದು ಒಬ್ಬೊಬ್ಬ ನ್ಯಾಯಮೂರ್ತಿ ಒಂದೊಂದು ಪದ ಬಳಸಿರುತ್ತಾರೆ. ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಜೊತೆಗೆ "ಸೆಕ್ಷನ್ 74" ಸೇರಿಸಿ, ಮೊದಲು ಸುಪ್ರೀಂ ಕೋರ್ಟ್, ಆಮೇಲೆ ಕರ್ನಾಟಕ ಹೈಕೋರ್ಟ್ ಎಂದು ಸೋಸಿ. ಹೊಸ ತೀರ್ಪುಗಳು ಮತ್ತೆ ಮತ್ತೆ ನಿಮ್ಮ ಪಟ್ಟಿಯಲ್ಲಿರುವ ಅದೇ ಐದಾರು ತೀರ್ಪುಗಳನ್ನೇ ಎತ್ತಿ ಹೇಳತೊಡಗಿದಾಗ ಹುಡುಕಾಟ ನಿಲ್ಲಿಸಬಹುದು.

ಪ್ಯಾರಾ_ನಂಬರ್ ಉತ್ತರಿಸಿದ್ದು:

ಮೇಲಿನ ಉತ್ತರಕ್ಕೆ ಪೂರ್ತಿ ಸಹಮತ. ತೀರ್ಪು ಸಿಕ್ಕಿದ ಮೇಲೆ ಅದನ್ನು ಓದುವ ಬಗೆಗೆ ಬರುತ್ತೇನೆ, ಹೆಚ್ಚಿನ ಮೆಮೊಗಳು ಎಡವುವುದು ಅಲ್ಲೇ.

ಕಲಂ 27ಕ್ಕೆ ಎಲ್ಲರೂ ಎತ್ತಿಕೊಳ್ಳುವ ತೀರ್ಪು ಸೂಪರಿಂಟೆಂಡೆನ್ಸ್ ಕಂಪನಿ ವಿರುದ್ಧ ಮುರ್ಗಾಯ್ ((1981) 2 ಎಸ್‌ಸಿಸಿ 246). "ಕೆಲಸ ಬಿಟ್ಟ ನಂತರದ ನಿರ್ಬಂಧ ಶೂನ್ಯ ಎಂದು ಸುಪ್ರೀಂ ಕೋರ್ಟ್ ಹೇಳಿದೆ" ಎಂದು ಬರೆದುಬಿಡುತ್ತಾರೆ. ತೀರ್ಪು ಬಿಡಿಸಿ ನೋಡಿ. ಅಲ್ಲಿನ ಬಹುಮತ ಕಲಂ 27ರ ಪ್ರಶ್ನೆಯನ್ನು ತೀರ್ಮಾನಿಸಲೇ ಇಲ್ಲ. ಷರತ್ತು ಊರ್ಜಿತ ಎಂದೇ ಇಟ್ಟುಕೊಂಡರೂ, ಅದರಲ್ಲಿರುವುದು ನೌಕರ ತಾನಾಗಿ "ಬಿಟ್ಟರೆ" ಎಂಬ ಮಾತು, ಈತನನ್ನು ಕಂಪನಿಯೇ ತೆಗೆದುಹಾಕಿದೆ, ಹಾಗಾಗಿ ಷರತ್ತು ಅನ್ವಯಿಸುವುದಿಲ್ಲ ಎಂದಷ್ಟೇ ಹೇಳಿತು. ಕಲಂ 27ನ್ನು ವಿಸ್ತಾರವಾಗಿ ಚರ್ಚಿಸಿ ನಿರ್ಬಂಧ ಶೂನ್ಯ ಎಂದದ್ದು ನ್ಯಾಯಮೂರ್ತಿ ಎ.ಪಿ. ಸೇನ್ ಅವರ ಪ್ರತ್ಯೇಕ ಸಹಮತದ ತೀರ್ಪು. ಹೆಡ್‌ನೋಟ್ (ವರದಿಯಲ್ಲಿ ತೀರ್ಪಿನ ಮೇಲೆ ಇರುವ ಸಾರಾಂಶ) ಮಾತ್ರ ಓದಿದವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಹೆಡ್‌ನೋಟ್ ಸಂಪಾದಕರು ಬರೆದದ್ದು, ತೀರ್ಪಿನ ಭಾಗವಲ್ಲ. ಎದುರು ವಕೀಲರು ಪೂರ್ತಿ ಓದಿದ್ದರೆ ನಿಮ್ಮ ಸೀನಿಯರ್ ಕೋರ್ಟಿನಲ್ಲಿ ನಿಂತಲ್ಲೇ ಸಿಕ್ಕಿಬೀಳುತ್ತಾರೆ.

ನಿಲುವು ಬದಲಾಗುವುದಿಲ್ಲ, ಆಧಾರ ಮಾತ್ರ ಬದಲಾಗಬೇಕು. ಕರಾರು ಜಾರಿಯಲ್ಲಿರುವಾಗಿನ ನಿರ್ಬಂಧಕ್ಕೂ ಮುಗಿದ ಮೇಲಿನ ನಿರ್ಬಂಧಕ್ಕೂ ಇರುವ ವ್ಯತ್ಯಾಸಕ್ಕೆ ಗುಜರಾತ್ ಬಾಟ್ಲಿಂಗ್ ((1995) 5 ಎಸ್‌ಸಿಸಿ 545), ಮುಗಿದ ಮೇಲಿನದು ನಿಲ್ಲುವುದಿಲ್ಲ ಎಂಬುದಕ್ಕೆ ಪರ್ಸೆಪ್ಟ್ ಡಿಮಾರ್ಕ್ ((2006) 4 ಎಸ್‌ಸಿಸಿ 227) ಹಾಕಿ. ಮುರ್ಗಾಯ್ ಹಾಕುವುದಾದರೆ "ನ್ಯಾ. ಸೇನ್, ಸಹಮತದ ತೀರ್ಪು" ಎಂದು ಸ್ಪಷ್ಟವಾಗಿ ನಮೂದಿಸಿ.

ಕಂಪನಿಯ ಪರ ಇರುವ ಬಲವಾದ ವಾದವನ್ನೂ ಹುಡುಕಬೇಕು. ಅದು ಗೋಲಿಕರಿ (ಎಐಆರ್ 1967 ಎಸ್‌ಸಿ 1098). ಅಲ್ಲಿ ನೌಕರಿ 5 ವರ್ಷದ ಗೊತ್ತಾದ ಅವಧಿಗೆ ಇತ್ತು. ಆ ಅವಧಿ ಮುಗಿಯುವ ತನಕ ಬೇರೆಡೆ ಅದೇ ಕೆಲಸ ಮಾಡಬಾರದೆಂಬ ತಡೆಯನ್ನು ಕೋರ್ಟ್ ಎತ್ತಿಹಿಡಿಯಿತು. ನಿಮ್ಮ ಕೇಸಿನಲ್ಲಿ ನೇಮಕಾತಿಯೇ 24 ತಿಂಗಳ ಗೊತ್ತಾದ ಅವಧಿಗಾಗಿದ್ದರೆ, ಉಳಿದ 16 ತಿಂಗಳಿಗೆ ಈ ವಾದ ಎತ್ತಬಹುದು. ನೋಟಿಸ್ ಕೊಟ್ಟು ಮುಗಿಸಬಹುದಾದ ಸಾಮಾನ್ಯ ನೇಮಕಾತಿಯಾಗಿದ್ದು ಬಾಂಡ್ ಮಾತ್ರ 24 ತಿಂಗಳದ್ದಾದರೆ, ರಾಜೀನಾಮೆ ಜಾರಿಯಾದ ದಿನವೇ ನೌಕರಿ ಮುಗಿಯಿತು, ಗೋಲಿಕರಿ ಕೈಗೆಟುಕುವುದಿಲ್ಲ. ಕರಾರು_ಕಡತ ಅವರು ಮೊದಲ ಪ್ರಶ್ನೆಯಾಗಿ ನೇಮಕಾತಿಯ ಅವಧಿ ಕೇಳಿದ್ದು ಇದಕ್ಕೇ.

ಇನ್ನು ಈಚಿನದು. ವಿಜಯಾ ಬ್ಯಾಂಕ್ ಪ್ರಕರಣ, 2025 ಐಎನ್‌ಎಸ್‌ಸಿ 691 (ಸುಪ್ರೀಂ ಕೋರ್ಟ್ ತಾನೇ ತೀರ್ಪಿಗೆ ಕೊಡುವ ಸಂಖ್ಯೆ), ತಾರೀಖು 14 ಮೇ 2025. ನಮ್ಮ ಹೈಕೋರ್ಟಿನಿಂದಲೇ ಹೋದ ಮೇಲ್ಮನವಿ. 3 ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ಕೊಡಬೇಕೆಂಬ ಬಾಂಡನ್ನು ಹೈಕೋರ್ಟ್ ಒಪ್ಪಿರಲಿಲ್ಲ, ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕಂಪನಿ ಪರ ಇರುವವರಿಗೆ ಇದನ್ನು ಕಂಡೊಡನೆ ಕೆಲಸ ಮುಗಿಯಿತು ಎನಿಸುತ್ತದೆ. ಆದರೆ ಕಾರಣಗಳನ್ನು ಒಂದು ಹಾಳೆಯಲ್ಲಿ ಎರಡು ಕಂಬ ಮಾಡಿ ಬರೆಯಿರಿ. ಹೊಂದುವುದು: ಷರತ್ತು ನೌಕರಿಯ ಅವಧಿಯೊಳಗೆ ಕೆಲಸ ಮಾಡುವ ಬಗ್ಗೆ, ಹಾಗಾಗಿ ಕಲಂ 27ಕ್ಕೆ ವಿರುದ್ಧವಲ್ಲ. ಹೊಂದದ್ದು: ಅದು ಸಾರ್ವಜನಿಕ ವಲಯದ ಬ್ಯಾಂಕು, ಜಾಹೀರಾತು ಕೊಟ್ಟು ಬಹಿರಂಗ ಸ್ಪರ್ಧೆಯ ಮೂಲಕವೇ ನೇಮಕ ಮಾಡಬೇಕು, ಮಧ್ಯೆ ಬಿಟ್ಟರೆ ಮತ್ತೆ ಆ ಖರ್ಚು ತಪ್ಪದು ಎಂಬುದರ ಮೇಲೆ ಕೋರ್ಟ್ ಒತ್ತು ಕೊಟ್ಟಿತು. ಹಿರಿಯ ಹುದ್ದೆ, ಸಂಬಳಕ್ಕೆ ಹೋಲಿಸಿದರೆ ಮೊತ್ತ ಅತಿಯಲ್ಲ ಎಂದೂ ನೋಡಿತು. ನಿಮ್ಮ ನೌಕರ ಆಗತಾನೆ ಕಾಲೇಜು ಮುಗಿಸಿ ಬಂದವನಾದರೆ 3 ಲಕ್ಷ ಅವನ ಎಷ್ಟು ತಿಂಗಳ ಸಂಬಳ? ಆ ಅಂಕಿ ಮೆಮೊದಲ್ಲಿ ಇರಲೇಬೇಕು. ಆ ತೀರ್ಪು ಕೆಲಸ ಬಿಟ್ಟ ನಂತರದ ಒಂದು ವರ್ಷದ ತಡೆಯನ್ನು ಉಳಿಸಿಕೊಡುವುದಿಲ್ಲ ಎಂಬುದನ್ನೂ ಸೇರಿಸಿ.

ಊರ್ಜಿತ ಪರೀಕ್ಷೆಗೆ: ಇಂಡಿಯನ್ ಕಾನೂನ್‌ನಲ್ಲಿ ತೀರ್ಪಿನ ಮೇಲ್ಭಾಗದಲ್ಲಿ "ಸೈಟೆಡ್ ಬೈ" (ಇದನ್ನು ಉಲ್ಲೇಖಿಸಿದ ತೀರ್ಪುಗಳು) ಕೊಂಡಿ ಇರುತ್ತದೆ. ಅದನ್ನು ಒತ್ತಿ, ಸುಪ್ರೀಂ ಕೋರ್ಟಿಗೆ ಸೀಮಿತಗೊಳಿಸಿ, ಹೊಸದರಿಂದ ಹಳೆಯದಕ್ಕೆ ಜೋಡಿಸಿ, ಈಚಿನ ಹತ್ತು ತೀರ್ಪು ಇದನ್ನು ಒಪ್ಪಿವೆಯೋ ಪಕ್ಕಕ್ಕಿಟ್ಟಿವೆಯೋ ನೋಡಿ. ತೀರ್ಪು ರದ್ದಾಗಿದ್ದರೆ ಆ ಪುಟ ತಾನಾಗಿ ಎಚ್ಚರಿಸುತ್ತದೆ ಎಂದು ನಂಬಿ ಕೂರಬೇಡಿ. ಆಫೀಸಿನಲ್ಲಿ ಎಸ್‌ಸಿಸಿ ಆನ್‌ಲೈನ್ ಅಥವಾ ಮನುಪಾತ್ರ ಎಂಬ ತೀರ್ಪುಗಳ ಡೇಟಾಬೇಸ್ ಇದ್ದರೆ ಅಲ್ಲೂ ಒಮ್ಮೆ ತಾಳೆ ನೋಡಿ. ಹೈಕೋರ್ಟ್ ತೀರ್ಪಾದರೆ ಮೇಲ್ಮನವಿ ಹೋಗಿತ್ತೇ ಎಂದು ಕೇಸ್ ನಂಬರಿನಿಂದ ಹುಡುಕಿ. ಪ್ರತಿ ತೀರ್ಪಿನ ಪಕ್ಕ ಎಷ್ಟು ಜನರ ಪೀಠ ಎಂದು ಬರೆಯಿರಿ. ಫತೇ ಚಂದ್ ಐವರು ನ್ಯಾಯಮೂರ್ತಿಗಳದ್ದು, ಸಾ ಪೈಪ್ಸ್ ಇಬ್ಬರದ್ದು. ಎರಡೂ ಬೇರೆ ದಿಕ್ಕಿಗೆ ಎಳೆಯುತ್ತವೆ ಎನಿಸಿದಾಗ ಚಿಕ್ಕ ಪೀಠದ್ದನ್ನು ದೊಡ್ಡ ಪೀಠದ ಬೆಳಕಿನಲ್ಲೇ ಓದಬೇಕು, ಕೈಲಾಶ್ ನಾಥ್ ಮಾಡಿದ್ದೂ ಅದನ್ನೇ.

ಉದ್ಧರಿಸುವ ಪ್ಯಾರಾ ನಂಬರ್ ಯಾವ ವರದಿಯದು ಎಂಬುದಕ್ಕೂ ಗಮನ ಕೊಡಿ. ಹಳೆಯ ತೀರ್ಪುಗಳಲ್ಲಿ ಎಐಆರ್ ಪ್ಯಾರಾ, ಎಸ್‌ಸಿಸಿ ಪ್ಯಾರಾ, ಜಾಲತಾಣದ ಪ್ಯಾರಾ ಮೂರೂ ಬೇರೆಯಾಗಿರಬಹುದು. ಸುಪ್ರೀಂ ಕೋರ್ಟ್ ವರದಿಗಳ ಅಧಿಕೃತ ಪಾಠ ಈಗ ಡಿಜಿಟಲ್ ಎಸ್‌ಸಿಆರ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಕೊನೆಯ ತಾಳೆ ಅಲ್ಲೇ ನೋಡಿ.

ಶಾಲ್ಮಲಾ ಉತ್ತರಿಸಿದ್ದು:

ಬರವಣಿಗೆಯ ಬಗ್ಗೆ ನಾನು ಹೇಳುತ್ತೇನೆ.

ಪ್ರಬಂಧದಲ್ಲಿ ಪೀಠಿಕೆ, ಇತಿಹಾಸ, ಚರ್ಚೆ, ಕೊನೆಗೆ ತೀರ್ಮಾನ. ಮೆಮೊ ಓದುವ ಸೀನಿಯರ್ ಕೋರ್ಟ್ ಹಾಲ್ ಹೊರಗೆ ನಿಂತು ಫೋನಿನಲ್ಲಿ ಓದುತ್ತಿರಬಹುದು. ಉತ್ತರ ಮೊದಲ ಪುಟದಲ್ಲೇ ಬೇಕು. ಕ್ರಮ: ಪ್ರಶ್ನೆಗಳು, ಚಿಕ್ಕ ಉತ್ತರ, ಸಂಗತಿ, ಚರ್ಚೆ, ಮುಂದೆ ಮಾಡಬೇಕಾದ್ದು. ಇಂಥ ವಿಷಯಕ್ಕೆ ಐದು ಪುಟ ಧಾರಾಳ.

ಪ್ರಶ್ನೆಯಲ್ಲೇ ಸಂಗತಿ ಇರಲಿ. "ಎಂಪ್ಲಾಯ್‌ಮೆಂಟ್ ಬಾಂಡ್ ಊರ್ಜಿತವೇ?" ಎಂದು ಬರೆದರೆ ಅದು ಪರೀಕ್ಷೆಯ ಪ್ರಶ್ನೆ. "24 ತಿಂಗಳ ಬಾಂಡಿನಲ್ಲಿ 8 ತಿಂಗಳಿಗೆ ರಾಜೀನಾಮೆ ಕೊಟ್ಟ ನೌಕರನಿಂದ ಕಂಪನಿ ಪೂರ್ತಿ 3 ಲಕ್ಷ ವಸೂಲಿ ಮಾಡಬಹುದೇ?" ಎಂಬುದು ಮೆಮೊದ ಪ್ರಶ್ನೆ.

ಚಿಕ್ಕ ಉತ್ತರ ಹೀಗಿರಬಹುದು. ಇಲ್ಲಿ ಕನ್ನಡದಲ್ಲಿ ಹಾಕುತ್ತಿದ್ದೇನೆ, ಇಂಗ್ಲಿಷಿನಲ್ಲಿ ಬರೆಯುವಾಗಲೂ ಅಳತೆ ಇದೇ:

"ಪೂರ್ತಿ 3 ಲಕ್ಷ ಸಿಗುವ ಸಾಧ್ಯತೆ ಕಡಿಮೆ. ಕಲಂ 74ರ ಅಡಿ ಕಂಪನಿಗೆ ನ್ಯಾಯೋಚಿತ ಪರಿಹಾರ ಮಾತ್ರ ಸಿಗುತ್ತದೆ, 3 ಲಕ್ಷ ಅದರ ಮೇಲ್ಮಿತಿ. ತರಬೇತಿ ಖರ್ಚಿನ ಬಿಲ್ಲು ಇದ್ದರೆ ಅಷ್ಟರ ಮಟ್ಟಿಗೆ ವಸೂಲಿಗೆ ಒಳ್ಳೆಯ ಅವಕಾಶವಿದೆ. ನೌಕರಿ ಬಿಟ್ಟ ನಂತರದ ಒಂದು ವರ್ಷದ ನಿರ್ಬಂಧ ಕಲಂ 27ರ ಅಡಿ ಶೂನ್ಯ, ಅದರ ಆಧಾರದ ಮೇಲೆ ತಡೆಯಾಜ್ಞೆ ಸಿಗುವುದಿಲ್ಲ."

ಇದರಲ್ಲಿ ಒಂದು ಸೈಟೇಶನ್ನೂ ಇಲ್ಲ, ಬೇಕಾಗಿಯೂ ಇಲ್ಲ. ಎಷ್ಟು ಖಚಿತ ಎಂಬುದು ಮಾತ್ರ ಪ್ರತಿ ವಾಕ್ಯದಲ್ಲಿದೆ. ಎಲ್ಲದಕ್ಕೂ "ವಾದಿಸಬಹುದು" ಎಂದು ಬರೆದುಬಿಟ್ಟರೆ ಕಂಪನಿಗೆ ದಾವೆ ಹೂಡಬೇಕೋ ಬೇಡವೋ ತಿಳಿಯುವುದಿಲ್ಲ.

ಚರ್ಚೆಯ ಪ್ರತಿ ಪ್ಯಾರಾದ ಮೊದಲ ವಾಕ್ಯ ನಿಮ್ಮ ನಿಲುವಾಗಿರಲಿ, ತೀರ್ಪಿನ ಹೆಸರಲ್ಲ. "ಫತೇ ಚಂದ್ ಪ್ರಕರಣದಲ್ಲಿ ಮಾನ್ಯ ಸರ್ವೋಚ್ಚ ನ್ಯಾಯಾಲಯವು..." ಎಂದು ಶುರುವಾಗುವ ಹತ್ತು ಪ್ಯಾರಾ ಒಂದರ ಕೆಳಗೊಂದು ಇದ್ದರೆ ಅದು ತೀರ್ಪುಗಳ ಪಟ್ಟಿ, ವಿಶ್ಲೇಷಣೆಯಲ್ಲ. "ಎಣಿಸಬಹುದಾದ ನಷ್ಟವನ್ನು ಕಂಪನಿ ರುಜುವಾತು ಮಾಡಬೇಕು" ಎಂದು ಶುರು ಮಾಡಿ, ಆಧಾರ ಹೇಳಿ, ಕೂಡಲೇ ನಿಮ್ಮ ಕಡತಕ್ಕೆ ತನ್ನಿ: ಯಾವ ಬಿಲ್ಲು ಇದೆ, ಯಾವುದಿಲ್ಲ. ಉದ್ಧರಣೆ ನಾಲ್ಕು ಸಾಲು ದಾಟದಿರಲಿ. ಉದ್ದನೆಯದನ್ನು ಓದುವವರು ಹಾರಿಸುತ್ತಾರೆ.

ಅಂಕಿಯನ್ನು ಕೆಲಸಕ್ಕೆ ಹಚ್ಚಿ. ತರಬೇತಿಗೆ 1,20,000 ಖರ್ಚಾದ ದಾಖಲೆ ಇದೆ ಎಂದುಕೊಳ್ಳಿ. 24 ತಿಂಗಳಲ್ಲಿ 16 ಉಳಿದಿತ್ತು, ಮೂರರಲ್ಲಿ ಎರಡು ಭಾಗ, 80,000. ಕೋರ್ಟ್ ಹೀಗೇ ಲೆಕ್ಕ ಹಾಕಬೇಕೆಂದಿಲ್ಲ, ಆದರೆ ರಾಜಿ ಮಾತುಕತೆಗೆ ಕೂರುವಾಗ ಕಂಪನಿಗೆ ಒಂದು ನೆಲೆ ಸಿಗುತ್ತದೆ. ವಕೀಲರ ಫೀಸು, ಕೋರ್ಟ್ ಫೀ, ದಾವೆ ನಡೆಯುವ ಕಾಲ ಇವುಗಳ ಎದುರು ಆ 80,000 ಇಟ್ಟು ನೋಡುವುದೂ ಮೆಮೊದ ಕೆಲಸವೇ.

ನಮಗೆ ವಿರುದ್ಧವಾದ ತೀರ್ಪನ್ನು ಅಡಗಿಸಬೇಡಿ. ಮೆಮೊ ಒಳಮನೆಯ ಕಾಗದ, ಕೆಟ್ಟ ಸುದ್ದಿ ಅಲ್ಲೇ ಮೊದಲು ಬರಬೇಕು. ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು: ಇಂಗ್ಲಿಷ್ ತೀರ್ಪಿನ ಉದ್ದುದ್ದ ವಾಕ್ಯಗಳನ್ನು ಅನುಕರಿಸಬೇಡಿ. ವಾಕ್ಯಕ್ಕೆ ಒಂದೇ ವಿಚಾರ, ಇಪ್ಪತ್ತು ಪದದೊಳಗೆ ಕಟ್ಟಿ. ಅದು ದೌರ್ಬಲ್ಯವಲ್ಲ, ಒಳ್ಳೆಯ ಕಾನೂನು ಬರವಣಿಗೆಯೇ ಹಾಗಿರುತ್ತದೆ.

ಹೊಸ_ಜೂನಿಯರ್ ಬರೆದದ್ದು:

ಕರಾರು_ಕಡತ ಸರ್, ಪ್ಯಾರಾ_ನಂಬರ್ ಸರ್, ಶಾಲ್ಮಲಾ ಮೇಡಂ, ತುಂಬಾ ಧನ್ಯವಾದ. ಕಡತ ಮತ್ತೆ ನೋಡಿದೆ, ನೇಮಕಾತಿ 60 ದಿನದ ನೋಟಿಸಿನದು, ಗೊತ್ತಾದ ಅವಧಿಯದಲ್ಲ. ಇನ್ನೆರಡು ಪ್ರಶ್ನೆ. ಎಐ ಟೂಲ್ ಒಂದು ಕರ್ನಾಟಕ ಹೈಕೋರ್ಟಿನ ತೀರ್ಪು ಕೊಟ್ಟಿದೆ, ನಮ್ಮ ಸಂಗತಿಗೆ ಅಚ್ಚುಕಟ್ಟಾಗಿ ಹೊಂದುತ್ತದೆ, ಆದರೆ ಎಲ್ಲಿಯೂ ಸಿಗುತ್ತಿಲ್ಲ. ಹಾಕಬಹುದೇ? ಮತ್ತೆ, ಇದೇ ಮೆಮೊದಿಂದ ಲೀಗಲ್ ನೋಟಿಸ್ ತಯಾರಿಸಲು ಹೇಳಿದ್ದಾರೆ.

ಪ್ಯಾರಾ_ನಂಬರ್ ಉತ್ತರಿಸಿದ್ದು:

ಬೇಡವೇ ಬೇಡ. ಅಷ್ಟು ಅಚ್ಚುಕಟ್ಟಾಗಿ ಹೊಂದುವುದೇ ಅನುಮಾನಕ್ಕೆ ಕಾರಣ. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಪೀಠವೊಂದು 2024ರ ಡಿಸೆಂಬರ್‌ನ ತನ್ನ ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಸೇರಿದ್ದರಿಂದ ಅದನ್ನು ಹಿಂಪಡೆಯಬೇಕಾಯಿತು. 2025ರ ಮಾರ್ಚ್‌ನಲ್ಲಿ ನಗರದ ಸಿವಿಲ್ ಕೋರ್ಟಿನ ಆದೇಶವೊಂದರಲ್ಲೂ ಇಲ್ಲದ ತೀರ್ಪುಗಳು ಕಂಡುಬಂದು ಹೈಕೋರ್ಟ್ ಅದನ್ನು ಗಂಭೀರವಾಗಿ ತೆಗೆದುಕೊಂಡಿತು. ತೀರ್ಪು ಇದೆ ಎನ್ನಲು ಕೇಸ್ ನಂಬರ್, ತಾರೀಖು, ಪೀಠ ಮೂರೂ ಹೈಕೋರ್ಟ್ ಜಾಲತಾಣದಲ್ಲಿ ತಾಳೆಯಾಗಬೇಕು. ಈಚಿನ ವರ್ಷಗಳದ್ದಾದರೆ ಪುಟದ ಮೇಲೆಯೇ ವರ್ಷ, ಕೆಎಚ್‌ಸಿ, ಕ್ರಮಸಂಖ್ಯೆ ಇರುವ ತಟಸ್ಥ ಉಲ್ಲೇಖ (ಹೈಕೋರ್ಟ್ ತಾನೇ ತೀರ್ಪಿಗೆ ಕೊಡುವ ಸಂಖ್ಯೆ) ಇರುತ್ತದೆ. ಧಾರವಾಡ ಪೀಠದ್ದಕ್ಕೆ ಡಿ, ಕಲಬುರಗಿಯದಕ್ಕೆ ಕೆ ಸೇರಿರುತ್ತದೆ. ಪಿಡಿಎಫ್ ನಿಮ್ಮ ಕೈಯಲ್ಲಿ ಇಲ್ಲದ ತೀರ್ಪು ಮೆಮೊದಲ್ಲಿ ಇರಬಾರದು. ಟೂಲ್ ಬಳಸುವುದಾದರೆ ಪರ್ಯಾಯ ಹುಡುಕುಪದ ಸೂಚಿಸಲು ಬಳಸಿ, ಅದಕ್ಕೆ ಒಳ್ಳೆಯದು. ಕಕ್ಷಿದಾರರ ಹೆಸರು, ಕಾಗದ ಅದಕ್ಕೆ ಹಾಕಬೇಡಿ.

ಕರಾರು_ಕಡತ ಉತ್ತರಿಸಿದ್ದು:

60 ದಿನದ ನೋಟಿಸ್ ಎಂದಮೇಲೆ ಗೋಲಿಕರಿ ದಾರಿ ಮುಚ್ಚಿತು, ಅದನ್ನು ಒಂದೇ ಪ್ಯಾರಾದಲ್ಲಿ ಮುಗಿಸಿ. 60 ದಿನ ಪೂರೈಸದೆ ಹೋಗಿದ್ದರೆ ನೋಟಿಸ್ ಅವಧಿಯ ಸಂಬಳ ಪ್ರತ್ಯೇಕ ಬಾಬತ್ತು, ಬಾಂಡಿನ ಜೊತೆ ಬೆರೆಸಬೇಡಿ.

ಮೆಮೊವನ್ನು ನಕಲು ಮಾಡಿ ನೋಟಿಸ್ ಆಗಿಸಬೇಡಿ, ನಮ್ಮ ದೌರ್ಬಲ್ಯಗಳೆಲ್ಲ ಎದುರಾಳಿಯ ಕೈ ಸೇರುತ್ತವೆ. ನೋಟಿಸಿನಲ್ಲಿ ತಾರೀಖು ಸಮೇತ ಸಂಗತಿ, ಬಾಂಡಿನ ಕಲಂ ಸಂಖ್ಯೆ, ತರಬೇತಿ ಖರ್ಚಿನ ವಿವರ, ಕೇಳುವ ಮೊತ್ತ, ಪಾವತಿಗೆ 15 ದಿನ. ತೀರ್ಪುಗಳ ಹೆಸರು ಬೇಕಿಲ್ಲ. "ದಂಡ" ಎಂದು ಬರೆಯದೆ "ಪರಿಹಾರ" ಎಂದು ಬರೆಯಿರಿ. ಒಂದು ವರ್ಷದ ನಿರ್ಬಂಧ ತೋರಿಸಿ ಹೆದರಿಸಬೇಡಿ, ಉತ್ತರದಲ್ಲಿ ಕಲಂ 27 ತೋರಿಸಿ ಇಡೀ ನೋಟಿಸನ್ನೇ ಹಗುರ ಮಾಡುತ್ತಾರೆ. ಗೌಪ್ಯ ಮಾಹಿತಿ ಒಯ್ದ ಪುರಾವೆ ಇದ್ದರೆ ಅದು ಬೇರೆಯೇ ವಾದ, ಕಂಪನಿಯನ್ನು ಈಗಲೇ ಕೇಳಿ.

ಕಳಿಸುವ ಮೊದಲು ಬಾಂಡಿನ ಮೂಲಪ್ರತಿ ತರಿಸಿ ಸ್ಟಾಂಪ್ ನೋಡಿ. ಕಡಿಮೆ ಸ್ಟಾಂಪಿನ ಕಾಗದವನ್ನು ಕರ್ನಾಟಕ ಸ್ಟಾಂಪ್ ಆಕ್ಟ್ 1957ರ ಕಲಂ 34ರ ಪ್ರಕಾರ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ, ಬಾಕಿ ಸುಂಕ ಮತ್ತು ದಂಡ ಕಟ್ಟಿದರೆ ಸರಿಹೋಗುತ್ತದೆ. ಸ್ಟಾಂಪ್ ಕೊರತೆಯಿಂದ ಕರಾರೇ ಶೂನ್ಯವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2023ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ (2023 ಐಎನ್‌ಎಸ್‌ಸಿ 1066), ಅದು ಆರ್ಬಿಟ್ರೇಶನ್ ಸಂದರ್ಭದ್ದು ಎಂದು ಪಕ್ಕದಲ್ಲಿ ಬರೆದುಕೊಳ್ಳಿ. ಕೊರತೆ ಇದ್ದರೆ ಎಷ್ಟು ಕಟ್ಟಬೇಕಾಗುತ್ತದೆ ಎಂದು ಲೆಕ್ಕ ಹಾಕಿ, ಮೆಮೊದ "ಮುಂದೆ ಮಾಡಬೇಕಾದ್ದು" ಭಾಗದಲ್ಲಿ ಮೊದಲ ಸಾಲಾಗಿ ಸೇರಿಸಿ.